ಬಿದ್ದವಳ ತೋಳು, ಬೀಳದವಳ ತೋಳು

ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಬಲಗೈ ಎತ್ತಿದೆ. ಕಿವಿಯ ತನಕ ಬಂದು ನಿಂತಿತು. ಮತ್ತೊಮ್ಮೆ ಎತ್ತಿದೆ. ಭುಜದಲ್ಲಿ ಚಳಕು ಹೊಡೆದು ಬಾಚಣಿಕೆ ಕೆಳಗೆ ಬಿತ್ತು.

ರೋಣದಲ್ಲಿ ನಮ್ಮದು ರೊಟ್ಟಿ ಮಾಡಿ ಕೊಡುವ ಮನೆ. ನಾನು ಮತ್ತು ಗಿರಿಜಕ್ಕ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಅಕ್ಕಪಕ್ಕದ ಎರಡು ಒಲೆಗಳ ಮುಂದೆ ಕೂತು ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಜೋಳದ ರೊಟ್ಟಿ ಬಡಿಯುತ್ತ ಬಂದವರು. ಭುಜ ನೋಯುವುದು ನಮಗೆ ಹೊಸದಲ್ಲ. ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಹೋಗುತ್ತಿತ್ತು. ಈ ಸಲ ಹೋಗಲಿಲ್ಲ.

ಗದಗಿನಲ್ಲಿ ಎಂಆರ್‌ಐ ಮಾಡಿಸಿದೆವು. ರೋಟೇಟರ್ ಕಫ್ ಟೆಂಡನ್, ಅಂದರೆ ಭುಜದ ಸ್ನಾಯುವನ್ನು ಎಲುಬಿಗೆ ಹಿಡಿದಿಡುವ ಹುರಿ, ಹರಿದಿದೆ ಎಂದರು ಅಲ್ಲಿನ ಡಾಕ್ಟರು.

ಹೆದರಿಕೆಯಾಯಿತು. ಜೊತೆಗೇ ಒಂದಿಷ್ಟು ಧೈರ್ಯವೂ ಬಂತು. ಏಕೆಂದರೆ ಹಿಂದಿನ ವರ್ಷ ಗಿರಿಜಕ್ಕ ಮಾಳಿಗೆಯ ಮೆಟ್ಟಿಲಿಂದ ಜಾರಿ ಬಿದ್ದು ಇದೇ ಬಲಭುಜದ ಇದೇ ಟೆಂಡನ್ ಹರಿದುಕೊಂಡಿದ್ದಳು. ಇದೇ ಡಾಕ್ಟರು ಹೊಲಿಗೆ ಹಾಕಿದ್ದರು. ನಾಲ್ಕನೇ ತಿಂಗಳಿಗೆ ಆಕೆ ಅಟ್ಟದ ಮೇಲಿನ ಖಾರದ ಡಬ್ಬಿಯನ್ನು ತಾನೇ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು, ಬಿಪಿ ಗುಳಿಗೆ ನುಂಗುವವಳು. ಆಕೆಗೇ ಕೂಡಿಕೊಂಡ ಮೇಲೆ ನನಗೇನು ಎಂದುಕೊಂಡೆ.

ಆಪರೇಶನ್ನಿಗೆ ಮೊದಲು ಡಾಕ್ಟರು ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದರು. "ಬೀಡಿ, ಗುಟ್ಕಾ, ತಂಬಾಕು ಏನಾದ್ರೂ ಚಟಾ ಅದ ಏನ್ರಿ?"

ನನಗೆ ಅವಮಾನವೇ ಆಯಿತು. "ಗಂಡಸರ ಚಟಾ ನಮಗ್ಯಾಕ್ರಿ ಸಾಹೇಬ್ರ," ಅಂದೆ. ಪಕ್ಕದಲ್ಲಿದ್ದ ನಮ್ಮ ಮನೆಯವರೂ ತಲೆ ಆಡಿಸಿದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದೆವು.

ಆಪರೇಶನ್ ಆಯಿತು. ಕೈಯನ್ನು ಸ್ಲಿಂಗಿನಲ್ಲಿ ತೂಗುಹಾಕಿದರು. ಸ್ಲಿಂಗ್ ಬಿಚ್ಚಿದ ಮೇಲೆ ರೋಣದಲ್ಲೇ ಫಿಜಿಯೋ ಶುರುವಾಯಿತು. ನಾಲ್ಕನೇ ತಿಂಗಳು ಬಂತು, ಹೋಯಿತು. ನನ್ನ ಕೈ ಎದೆಯ ಮಟ್ಟ ದಾಟಲಿಲ್ಲ.

ಬಿದ್ದವಳಿಗೆ ಕೂಡಿಕೊಂಡಿತು. ಬೀಳದ ನನಗೆ ಕೂಡಿಕೊಳ್ಳಲಿಲ್ಲ.

ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಆಗ ತಿಳಿಯಿತು. ಗಿರಿಜಕ್ಕ ದಿನಾ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಕನ್ನಡಿಯಲ್ಲಿ ನಾನು ನನ್ನ ಮುಖ ನೋಡಿಕೊಳ್ಳುತ್ತಿರಲಿಲ್ಲ, ಆಕೆಯ ಬಲಗೈಯನ್ನೇ ನೋಡುತ್ತಿದ್ದೆ. ಸಲೀಸಾಗಿ ಮೇಲೆ ಹೋಗುತ್ತಿತ್ತು, ಸಲೀಸಾಗಿ ಕೆಳಗೆ ಬರುತ್ತಿತ್ತು. ನನಗೆ ಸೇವೆ ಮಾಡುವ ಕೈಯನ್ನೇ ನೋಡಿ ಉರಿದುಕೊಳ್ಳುವ ಗತಿ ಯಾವ ಶತ್ರುವಿಗೂ ಬೇಡ. ಮೊದಲೆಲ್ಲ ಗಿರಾಕಿಗಳು "ಕಸ್ತೂರಕ್ಕನ ಕೈಯಾಗಿನ ತೆಳು ರೊಟ್ಟಿ ಕೊಡ್ರಿ" ಎಂದು ನನ್ನ ಹೆಸರು ಹಿಡಿದು ಕೇಳುತ್ತಿದ್ದರು. ಈಗ ನನ್ನ ಒಲೆಯ ಮುಂದೆ ಕೂಲಿಗೆ ಬಂದ ಹೆಂಗಸೊಬ್ಬಳು ಕೂತಿದ್ದಳು, ಗಿರಾಕಿಗಳು ಗಿರಿಜಕ್ಕನ ಹೆಸರು ಹೇಳತೊಡಗಿದ್ದರು. ನಾನು ಮೂಲೆಯಲ್ಲಿ ಎಡಗೈಯಿಂದ ರೊಟ್ಟಿ ಪೇರಿಸುತ್ತಿದ್ದೆ. ಪ್ರತಿ ರೊಟ್ಟಿಯಲ್ಲೂ ಐಬು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ, ಅದು ಇನ್ನೂ ಸಿಟ್ಟು ತರಿಸುತ್ತಿತ್ತು.

ಡಾಕ್ಟರನ್ನು ಮತ್ತೆ ನೋಡಲು ಹೋದಾಗ ತಡೆಯಲಾರದೆ ಕೇಳಿಯೇ ಬಿಟ್ಟೆ. "ಆಕಿಗೆ ಬ್ಯಾರೆ ದಾರಾ ಹಾಕೀರೇನ್ರಿ? ಚಲೋದು?"

ಡಾಕ್ಟರು ನಕ್ಕರು. ನಮ್ಮ ಮನೆಯವರು ಊರಿಗೆ ಮರಳುವ ಬಸ್ಸಿನಲ್ಲಿ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಅಂದರು. ರೋಣ ಬರುವ ತನಕ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ.

ಫಿಜಿಯೋ ಮಾಡಿಸುತ್ತಿದ್ದವಳು ಗಜೇಂದ್ರಗಡದ ಹುಡುಗಿ, ಶಬಾನಾ. ಒಂದು ದಿನ ಎಡಗೈಯಿಂದ ಬಲಗೈ ಎತ್ತಿಸುವಾಗ ನನ್ನ ಎಡಗೈಯ ತೋರುಬೆರಳನ್ನು ಹಿಡಿದು ನೋಡಿದಳು.

"ಈ ಬೆರಳ ಯಾಕ್ರೀ ಆಂಟಿ ಹಿಂಗ ಕರ್ರಗಾಗೇತಿ?"

"ಹಲ್ಲ ತಿಕ್ಕತೇನಲ್ಲವ. ಬಲಗೈ ಬರೂದಿಲ್ಲಂತ ಈಗ ಎಡಗೈಲೆ ತಿಕ್ಕತೇನಿ."

"ಯಾತರಲೆ ತಿಕ್ಕತೀರಿ?"

"ಮಶೇರಿಲೆ."

"ಅದನ್ನ ಯಾತರದ ಮಾಡ್ತಾರ್ರೀ?"

"ತಂಬಾಕಿನ ಎಲಿ ಹಂಚಿನ ಮ್ಯಾಲ ಹುರದು..."

ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ.

ಅಸೂಟಿಯ ತವರಿನಲ್ಲಿ, ನಾನು ಇನ್ನೂ ಸಾಲೆಗೆ ಹೋಗುವಾಗ, ಹಲ್ಲುನೋವಿಗೆಂದು ಅವ್ವ ಮೊದಲ ಸಲ ಹಚ್ಚಿದ್ದು. ಅಂದಿನಿಂದ ಎದ್ದ ಕೂಡಲೇ ಒಮ್ಮೆ, ರೊಟ್ಟಿ ಮುಗಿಸಿ ಒಮ್ಮೆ, ಊಟವಾಗಿ ಒಮ್ಮೆ, ಸುಮ್ಮನೆ ಕೂತಾಗ ಇನ್ನೊಮ್ಮೆ. ರೊಟ್ಟಿ ಬೇಯಿಸಿದ ಹಂಚಿನ ಕಾವಿನಲ್ಲೇ ಎಲೆ ಹುರಿದು ಕುಟ್ಟಿಕೊಳ್ಳುತ್ತಿದ್ದೆ. ತಂಬಾಕು ಎಂದರೆ ನಮ್ಮಲ್ಲಿ ಗಂಡಸರು ಸೇದುವುದು, ಜಗಿಯುವುದು. ಹೆಂಗಸರು ಹಚ್ಚುವುದು ಹಲ್ಲಿನ ಪುಡಿ. ಅದನ್ನು ಚಟವೆಂದು ನಮ್ಮ ಓಣಿಯಲ್ಲಿ ಯಾರೂ ಕರೆದದ್ದಿಲ್ಲ.

ಶಬಾನಾ ಡಾಕ್ಟರಿಗೆ ಫೋನ್ ಮಾಡಿದಳು. ಮತ್ತೆ ಸ್ಕ್ಯಾನ್ ಆಯಿತು. ಹೊಲಿಗೆ ಹಾಕಿದ ಟೆಂಡನ್ ಅರ್ಧದಷ್ಟು ಎಲುಬಿಗೆ ಕೂಡಿಕೊಂಡೇ ಇರಲಿಲ್ಲ.

"ಟೆಂಡನ್ನಿಗೆ ಮೊದಲೇ ರಕ್ತ ಕಡಿಮಿ ಬರ್ತದ," ಎಂದರು ಡಾಕ್ಟರು. "ನಿಕೋಟಿನ್ ಸಣ್ಣ ರಕ್ತನಾಳಗಳನ್ನ ಬಿಗಿ ಮಾಡ್ತದ. ವರ್ಷಗಟ್ಟಲೆ ಹಂಗ ಆದ್ರ ಟೆಂಡನ್ ಸೊರಗ್ತದ, ಲಗೂ ಹರೀತದ. ಹೊಲಿಗಿ ಹಾಕಿದ್ರೂ ಕೂಡಿಕೊಳ್ಳೂದು ತಡ."

"ನಾ ಸೇದೂದಿಲ್ಲಲ್ರಿ. ಹಚ್ಚಿ ಉಗಳತೇನಿ."

"ನೀವು ಉಗುಳೂದು ಪುಡಿ. ನಿಕೋಟಿನ್ ವಸಡಿನಿಂದ ರಕ್ತಕ್ಕ ಹೋಗೇ ಇರ್ತದ." ಸ್ಕ್ಯಾನ್ ಕೆಳಗಿಟ್ಟು ಹೇಳಿದರು, "ಇದೊಂದ ಕಾರಣ ಅಂತ ನಾ ಹೇಳಂಗಿಲ್ಲ. ನಿಮ್ಮ ಕೆಲಸಾನೂ ಭುಜಾ ಸವೆಸೂವಂಥಾದ್ದ. ಆದರ ಇದನ್ನ ಬಿಡದಿದ್ರ ಇನ್ನೊಂದು ಆಪರೇಶನ್ ಮಾಡಿಯೂ ಉಪಯೋಗಿಲ್ಲ. ಬಿಟ್ಟು ನೋಡ್ರಿ. ಉಳದದ್ದು ಗಟ್ಟಿಯಾದ್ರ ಕೈ ಏಳ್ತದ, ಒಲಿ ಮುಂದ ಕೂಡಬಹುದು."

ಬಿಟ್ಟೆ ಎಂದು ಒಂದೇ ಮಾತಿನಲ್ಲಿ ಬರೆಯಬಹುದು. ಬಿಡುವುದು ಒಂದೇ ಮಾತಿನದಾಗಿರಲಿಲ್ಲ. ತಲೆ ಸಿಡಿಯುತ್ತಿತ್ತು. ಬೆಳಿಗ್ಗೆ ಹೊಟ್ಟೆ ಸಾಫ್ ಆಗುತ್ತಿರಲಿಲ್ಲ. ಉಪ್ಪು ಹೆಚ್ಚಾಯಿತೆಂದು ಒಮ್ಮೆ, ಕಡಿಮೆಯಾಯಿತೆಂದು ಒಮ್ಮೆ ಅಳುತ್ತ ಕೂರುತ್ತಿದ್ದೆ. ಮಧ್ಯಾಹ್ನ ಎದುರುಮನೆಯ ಫಕೀರವ್ವ ತಂಬಾಕು ಹುರಿದರೆ ವಾಸನೆ ನೇರ ನಮ್ಮ ಪಡಸಾಲೆಗೇ ಬರುತ್ತಿತ್ತು. ಎಪ್ಪತ್ತು ದಾಟಿದ ಮುದುಕಿ, ದಿನವಿಡೀ ಮಶೇರಿ ಹಚ್ಚುತ್ತಾಳೆ, ತುಂಬಿದ ಕೊಡ ತಲೆಯ ಮೇಲೆ ಹೊತ್ತು ಬರುತ್ತಾಳೆ. ಆಕೆಯ ಭುಜ ಯಾವ ಕಬ್ಬಿಣದ್ದೋ! ದೇವರು ಕೂಡ ಪಂಕ್ತಿಭೇದ ಮಾಡುತ್ತಾನೆ ಎಂದು ಗೊಣಗಿದೆ.

ಗಿರಿಜಕ್ಕ ಮಾತ್ರ ಮಶೇರಿ ಮುಟ್ಟಿದವಳಲ್ಲ. ನರಗುಂದದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಒಮ್ಮೆ ಹಚ್ಚಿಸಿದರಂತೆ, ಕೂತಲ್ಲೇ ವಾಂತಿ ಮಾಡಿಕೊಂಡಳಂತೆ. ಆ ಕತೆ ಹೇಳಿ ನಾವೆಲ್ಲ ಆಕೆಯನ್ನು "ಪ್ಯಾಟಿ ಹುಡುಗಿ" ಎಂದು ಎಷ್ಟೋ ವರ್ಷ ಛೇಡಿಸಿದ್ದೆವು. ಈಗ ನನಗೆ ಆ ವಾಂತಿಯ ಮೇಲೂ ಹೊಟ್ಟೆಕಿಚ್ಚಾಯಿತು. ನನಗ್ಯಾಕೆ ಬರಲಿಲ್ಲ ಒಂದು ವಾಂತಿ?

ಇದನ್ನು ಒಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ಆಕೆಯ ಮುಖದ ಮೇಲೇ ಹೇಳಿದೆ. "ನಿನ್ನ ಕೈ ನೋಡಿದ್ರ ನನಗ ಮೈ ಉರಿತೈತಿ, ಯಕ್ಕಾ."

ಬಾಚಣಿಕೆ ನಿಂತಿತು. "ಗೊತ್ತೈತಿ," ಅಂದಳು. "ಕನ್ನಡ್ಯಾಗ ಕಾಣತೈತಲ್ಲ."

ಆಮೇಲೆ ಮತ್ತೆ ಬಾಚಿದಳು. ಎಂದಿನಂತೆ ಬಿಗಿಯಾಗಿ ಜಡೆ ಹಾಕಿ ಕೊನೆಗೆ ರಬ್ಬರ್ ಸುತ್ತಿದಳು. ನನಗೆ ಅಳು ಬಂತು, ಆಕೆಗೆ ಬರಲಿಲ್ಲ.

ತಿಂಗಳುಗಳು ಕಳೆದವು. ಕೈ ಎದೆಯಿಂದ ಗದ್ದಕ್ಕೆ ಬಂತು, ಗದ್ದದಿಂದ ಕೆನ್ನೆಗೆ. ಈಗ ದಿನಕ್ಕೆ ನಾಲ್ಕಾರು ರೊಟ್ಟಿ ಬಡಿಯುತ್ತೇನೆ, ಅದೂ ದಪ್ಪ. ಮನೆಮಂದಿಗಷ್ಟೇ ಆಗುತ್ತವೆ. ಮೊದಲಿನ ಹಾಗೆ ಹೊತ್ತುಗಟ್ಟಲೆ ಒಲೆಯ ಮುಂದೆ ಕೂರಲು ಆಗುವುದೋ ಇಲ್ಲವೋ, ಡಾಕ್ಟರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಮೊನ್ನೆ ಮಧ್ಯಾಹ್ನ ಹಿರಿಯರೊಬ್ಬರು ಮೊಮ್ಮಗಳ ಮದುವೆಗೆ ರೊಟ್ಟಿ ಹೇಳಲು ಬಂದರು. ನಾನು ಗಡಬಡಿಸಿ ಎದ್ದು ತಲೆಯ ಮೇಲೆ ಸೆರಗು ಹೊದ್ದುಕೊಂಡೆ. ಹೊದ್ದುಕೊಂಡ ಮೇಲೆ ಗೊತ್ತಾಯಿತು, ಬಲಗೈ. ನೆತ್ತಿಯ ತನಕ ಹೋಗಿತ್ತು.

ಗಿರಿಜಕ್ಕ ಒಲೆಯ ಮುಂದಿನಿಂದ ನೋಡಿದ್ದಳು. ಹಿರಿಯರು ಹೋದ ಮೇಲೆ ಅಂದಳು, "ನಿಂದ ಲಗೂನ ಆತ ನೋಡ. ನನಗ ಇಷ್ಟ ಎತ್ತಾಕ ವರ್ಷದ ಮ್ಯಾಲ ಹಿಡದಿತ್ತು."

ಸುಳ್ಳು. ಆಕೆಯ ಕೈ ಯಾವ ತಿಂಗಳು ಎಷ್ಟು ಎತ್ತರ ಏರಿತೆಂದು ಈ ಮನೆಯಲ್ಲಿ ನನ್ನಷ್ಟು ಸರಿಯಾಗಿ ಬಲ್ಲವರು ಯಾರೂ ಇಲ್ಲ. ಹೊಟ್ಟೆಕಿಚ್ಚಿನವರ ಲೆಕ್ಕ ತಪ್ಪುವುದಿಲ್ಲ.

"ಖರೇನ, ಯಕ್ಕಾ?" ಅಂದೆ.

"ಖರೇನ," ಎಂದು ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಆ ಸುಳ್ಳನ್ನು ನಾನು ಎರಡೂ ಕೈಯಿಂದ ತೆಗೆದುಕೊಂಡೆ.