ಬಿದ್ದ ಮನೆಯದಲ್ಲ, ಬಿಚ್ಚಿದ ಮನೆಯದು

ಧರ್ಮಪುರ ಹೋಬಳಿಯ ಈ ಹಳ್ಳಿಯಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ರಂಗಕ್ಕನ ಮಾಳಿಗೆ ಮನೆಯ ಮೇಲೆ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಮಂಡಿಯೂರಿದ್ದಾರೆ. ಕೆಳಗೆ ಬಾಗಿಲು ಮುಚ್ಚಿದೆ. ಬೆಳಕಿಂಡಿಯ ಮೇಲೆ ಒದ್ದೆ ಗೋಣಿಚೀಲ. ಮನೆಯೊಳಗೆ ಹಳೆಯ ಬಾಂಡ್ಲಿಯಲ್ಲಿ ಕಡಲೆಕಾಯಿ ಸಿಪ್ಪೆ ಹೊಗೆಯಾಡುತ್ತಿದೆ.

"ಬಷೀರಾ, ಹೊಗೆ ಬಂತಾ?" ಅಂಗಳದಿಂದ ಗಂಡ ಹಜರತ್ ಅಲಿ ಕೂಗುತ್ತಾರೆ.

"ಬರ್ತೈತೆ. ಸಿಪ್ಪೆ ಹೊಗೆನೋ ನಿಮ್ಮ ಬೀಡಿ ಹೊಗೆನೋ ಗೊತ್ತಾಗ್ಬೇಕಲ್ಲ! ಮೊದ್ಲು ಅದನ್ನ ಆರಿಸ್ರಿ."

ಬೀದಿಯಲ್ಲಿ ನಿಂತವರು ನಗುತ್ತಾರೆ. ಅಲಿ ಬೀಡಿಯನ್ನು ಚಪ್ಪಲಿಗೆ ಒರೆಸಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ.

ಗಾಳಿ ಏಳುವ ಮುಂಚೆ ಈ ಕೆಲಸ ಮುಗಿಯಬೇಕು. ಮಣ್ಣಿನ ಮಾಳಿಗೆಯಲ್ಲಿ ಹೊಗೆ ಎಲ್ಲಿ ನೂಲಿನಂತೆ ಎದ್ದು ಬರುತ್ತದೋ ಅಲ್ಲಿ ನೀರು ಇಳಿಯುತ್ತದೆ. ಬಷೀರುನ್ನೀಸಾ ಅಲ್ಲಲ್ಲಿ ಸುಣ್ಣದ ಬೊಟ್ಟು ಇಡುತ್ತ ಮುಂದೆ ಸಾಗುತ್ತಾರೆ. ನಡುಮನೆಯ ಮೇಲೆ ಬಂದಾಗ ಮಾತ್ರ ನಿಲ್ಲುತ್ತಾರೆ. ಹೋದ ವರ್ಷ ರಂಗಕ್ಕ ಅಲ್ಲಿಗೆ ಸಿಮೆಂಟು ಬಳಿಸಿದ್ದಾರೆ. ಅಲ್ಲಿ ಹೊಗೆಯ ಸುಳಿವೇ ಇಲ್ಲ.

"ನೋಡ್ರಿ, ನಾನು ಹೇಳ್ಲಿಲ್ವಾ? ಸಿಮೆಂಟು ಗಟ್ಟಿ ಐತೆ," ರಂಗಕ್ಕ ಕೆಳಗಿನಿಂದ ಹಿಗ್ಗುತ್ತಾರೆ.

ಬಷೀರುನ್ನೀಸಾ ಅಂಗಾಲಿನಿಂದ ಮೆಲ್ಲಗೆ ತಟ್ಟುತ್ತಾರೆ. ಟೊಳ್ಳು ಸದ್ದು. "ಸಿಮೆಂಟು ಗಟ್ಟಿ ಐತೆ ರಂಗಕ್ಕ. ಅದರ ಕೆಳಗಿಂದು ಗಟ್ಟಿ ಇಲ್ಲ. ಬದೀಲಿಂದ ಒಳಗೆ ಹೋದ ನೀರಿಗೆ ಹೊರಗೆ ಬರಾಕೆ ದಾರಿನೇ ಇಲ್ಲ. ತೊಲೆ ಕೊಳೆತೈತೆ."

ರಂಗಕ್ಕ ಮೆಟ್ಟಿಲ ಮೇಲೆ ಕೂರುತ್ತಾರೆ. ಗಂಡ ತೀರಿಹೋದ ಮೇಲೆ ಕೂಲಿ ಮಾಡಿ ಮಗಳು ಆಶಾರಾಣಿಯನ್ನು ಹೊಸದುರ್ಗದ ಕಡೆಗೆ ಮದುವೆ ಮಾಡಿಕೊಟ್ಟವರು ಅವರು. ಮಗಳಿಗೀಗ ತುಂಬು ತಿಂಗಳು ಹತ್ತಿರವಾಗಿದೆ. ಚೊಚ್ಚಲ ಹೆರಿಗೆ, ತವರಿಗೆ ಕರೆತರಬೇಕು. ಸೀಮಂತದ ದಿನವೇ ಬೀಗತಿ ಗಿರಿಯಮ್ಮ ಎಲ್ಲರೆದುರು ಹೇಳಿದ್ದಾರೆ: "ಸೋರೋ ಮನೆಗೆ ಬಸುರಿ ಹೆಂಗ್ಸನ್ನ ಕಳಿಸಾಕಿಲ್ಲ. ಮಾಳಿಗೆ ಸರಿ ಮಾಡ್ಸು, ಬಂದು ನೋಡ್ತೀನಿ, ಆಮ್ಯಾಕೆ ಮಾತು." ರೋಹಿಣಿ ಮಳೆ ಹಿಡಿದರೆ ಆ ಮಾತೂ ಮುಗಿದಂತೆ.

ಬಷೀರುನ್ನೀಸಾ ಹುಟ್ಟಿದ್ದು ಚಿತ್ರದುರ್ಗದ ಕೋಟೆಯ ಕೆಳಗಿನ ಹಳೆಯ ಬೀದಿಯಲ್ಲಿ, ಮದುವೆಯಾಗಿ ಬಂದದ್ದು ಹಿರಿಯೂರಿಗೆ. ಅಲಿಯವರ ಮನೆತನ ತಲೆತಲಾಂತರದಿಂದ ಮರಗೆಲಸದ್ದು. ಗಂಡ ಮಾಳಿಗೆಯ ಮೇಲೆ, ಹೆಂಡತಿ ಕೆಳಗೆ ಮಣ್ಣು ಹೊತ್ತು ಕೊಡುವುದು, ಹೀಗೇ ಬಹಳ ವರ್ಷ ನಡೆದಿತ್ತು. ಒಮ್ಮೆ ರಾಮಗಿರಿಯ ಹತ್ತಿರ ಅಲಿ ಇಂಥದ್ದೇ ಸಿಮೆಂಟು ಬಳಿದ ಮಾಳಿಗೆಯ ಮೇಲೆ ಕಾಲಿಟ್ಟರು. "ಕಾಲು ಇಟ್ಟಿದ್ದಷ್ಟೇ ಗೊತ್ತು. ಕೆಳಗೆ ಏನೂ ಇರ್ಲಿಲ್ಲ," ಎನ್ನುತ್ತಾರೆ ಅವರು. ಸೊಂಟ ಮುರಿಯಿತು. ಈಗ ಕೋಲಿಲ್ಲದೆ ನಡೆಯಲಾಗದು.

ಆ ಮಳೆಗಾಲಕ್ಕೆ ಮುನ್ನ ಒಪ್ಪಿಕೊಂಡಿದ್ದ ಮನೆಗಳು ಕಾಯುತ್ತಿದ್ದವು. ಬಷೀರುನ್ನೀಸಾ ಏಣಿ ಹತ್ತಿದರು. ಗಂಡನನ್ನು ಕೂರಿಸಿ ಮಾಳಿಗೆ ಏರಿದವಳು ಎಂದು ಜನ ಆಡಿಕೊಂಡರು. "ಆಡ್ಕಳ್ಳಿ ಬಿಡ್ರಿ. ಅವರ ಮನೆ ಸೋರಿದಾಗ ಅದೇ ಬಾಯಲ್ಲಿ ಕರದ್ರು, ನಾನೂ ಹೋದೆ," ಎಂದು ನಗುತ್ತಾರೆ. "ನಮ್ಮ ಸಾಹೇಬ್ರು ಭಾರ. ಮಣ್ಣಿನ ಮಾಳಿಗೆಗೆ ಹಗುರದೋರೇ ಸರಿ."

ಹಿರಿಯೂರಿನಲ್ಲಿ ಕಿಟಕಿ, ಬಾಗಿಲು ರಿಪೇರಿಯಿಂದ ಇಬ್ಬರ ಹೊಟ್ಟೆ ನಡೆಯುತ್ತದೆ. ಮಾಳಿಗೆ ಕೆಲಸಕ್ಕೆ ಮಾತ್ರ ಇಲ್ಲದವರಿಂದ ಕೂಲಿ ಪಡೆಯುವುದಿಲ್ಲ. ಇಷ್ಟಾದರೂ ದೊಡ್ಡ ಕಷ್ಟ ಬೇರೆಯೇ ಇದೆ: ಒಂದು ಒಳ್ಳೆಯ ತೊಲೆಯನ್ನು ಬಡವರು ಎಲ್ಲಿಂದ ತರಬೇಕು? ಅದಕ್ಕಾಗಿ ಬಷೀರುನ್ನೀಸಾ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದಲ್ಲಿ ಹಳೆಯ ಮನೆ ತೆಗೆದು ತಾರಸಿ ಕಟ್ಟಿಸುವವರ ಬಾಗಿಲಿಗೆ ಹೋಗುತ್ತಾರೆ. ಸೌದೆಯ ಪಾಲಾಗುವ ತೊಲೆಗಳನ್ನು ಬೇಡಿ ತರುತ್ತಾರೆ.

ಎರಡು ದಿನಗಳ ನಂತರ ರಂಗಕ್ಕನ ಅಂಗಳಕ್ಕೆ ಲಗೇಜ್ ಆಟೋದಲ್ಲಿ ಬಂದದ್ದೂ ಅಂಥದ್ದೇ, ಕಬ್ಬಿಣದಂಥ ಮತ್ತಿ ಮರದ ತೊಲೆ. ರಂಗಕ್ಕ ಅದರ ಮೇಲಿನ ಹಳೆಯ ಮೊಳೆಯ ಗುರುತುಗಳನ್ನು ಮುಟ್ಟಿ ನೋಡುತ್ತಾರೆ. ಥಟ್ಟನೆ ಕೈ ಹಿಂದೆಳೆದುಕೊಳ್ಳುತ್ತಾರೆ.

"ಬಿದ್ದ ಮನೆದಾ ಇದು? ಬ್ಯಾಡ ಬಷೀರಮ್ಮ. ಬಾಣಂತಿ ಮಲಗೋ ಮನೆ. ಗಿರಿಯಮ್ಮಗೆ ಗೊತ್ತಾದ್ರೆ ಮಗಳ ಮುಖನೂ ತೋರ್ಸಾಕಿಲ್ಲ."

ಬಿದ್ದ ಮನೆಯ ತೊಲೆಯನ್ನು ಬಾಳುವ ಮನೆಗೆ ತರಬಾರದು ಎಂಬುದು ಈ ಕಡೆಯ ಹಳೆಯ ನಂಬಿಕೆ. ಆಟೋದವನು ಇಂಜಿನ್ ಆರಿಸಿ ಕಾಯುತ್ತಾನೆ. ಬಷೀರುನ್ನೀಸಾ ಸಿಟ್ಟಾಗುವುದಿಲ್ಲ.

"ಬಿದ್ದ ಮನೆದಲ್ಲ ರಂಗಕ್ಕ, ಬಿಚ್ಚಿದ ಮನೆದು. ಹೊಳಲ್ಕೆರೇಲಿ ಮಕ್ಳು, ಸೊಸೇರು, ಮೊಮ್ಮಕ್ಳು ತುಂಬ್ಕಂಡು ಮಲಗಾಕೆ ಜಾಗ ಸಾಲ್ದೆ ಬಿಚ್ಚಿದ್ರು. ನಾನು ಅಲ್ಲೇ ನಿಂತಿದ್ದೆ. ಇಲ್ಲಿ ನೋಡು."

ತೊಲೆಯ ತುದಿಯಲ್ಲಿ ಅರಿಶಿನ, ಕುಂಕುಮ. ಮನೆ ಬಿಚ್ಚುವ ದಿನ ಖುದ್ದು ಹೋಗಿ ನಿಲ್ಲುವುದು, ಆ ಮನೆಯ ಹಿರಿಯಳ ಕೈಯಿಂದಲೇ ತೊಲೆಗೆ ಅರಿಶಿನ ಹಚ್ಚಿಸಿಕೊಂಡು ತರುವುದು ಬಷೀರುನ್ನೀಸಾ ತಾವೇ ಮಾಡಿಕೊಂಡ ಕಟ್ಟಳೆ. "ನಿಂಗ್ಯಾಕಮ್ಮ ನಮ್ಮ ಅರಿಶಿನ ಅಂತ ಆಯಮ್ಮ ನಕ್ಕಳು. ನಂಗಲ್ಲ ತಾಯಿ, ಇದು ಹೋಗೋ ಮನೆಗೆ ಅಂದೆ."

ಸಿರಿಗೆರೆ ದಾರಿಯ ಹಳ್ಳಿಯೊಂದರಲ್ಲಿ ಒಮ್ಮೆ ತೇಗದ ತೊಲೆಯೇ ಸಿಕ್ಕಿತ್ತಂತೆ. ಮಳೆಗೆ ಕುಸಿದ ಮನೆ, ಒಬ್ಬರು ಅದರಡಿ ಸತ್ತಿದ್ದರು. ಬಿಟ್ಟು ಬಂದರು. "ಮರ ಚೆನ್ನಾಗೇ ಇತ್ತು. ಆದ್ರೆ ಇನ್ನೊಂದು ಮನೇಲಿ ಸುಳ್ಳು ಹೇಳಿ ಏರಿಸ್ಬೇಕಾಗಿತ್ತು. ಸುಳ್ಳಿನ ಕೆಳಗೆ ಜನ ಮಲಗ್ಬೇಕಲ್ಲ."

ರಂಗಕ್ಕ ಮತ್ತೆ ತೊಲೆ ಮುಟ್ಟುತ್ತಾರೆ. ಈ ಸಲ ಕೈ ಅಲ್ಲೇ ನಿಲ್ಲುತ್ತದೆ.

ಸಿಮೆಂಟು ಕಿತ್ತು, ಅದರಡಿಯ ನೆಂದ ಮಣ್ಣು ತೆಗೆದ ಮೇಲೆ ತೊಲೆ ಬದಲಿಸುವ ಹೊತ್ತು ಬರುತ್ತದೆ. ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಅಲಿ ನೆಲಕ್ಕೆ ಕುಳಿತು ಲಾರಿ ಜಾಕಿಯ ಹಿಡಿ ತಿರುಗಿಸುತ್ತಾರೆ. ಬಷೀರುನ್ನೀಸಾ ಮಾಳಿಗೆಯ ಜಂತೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಉಳಿದ ಮಾಳಿಗೆಯ ಭಾರವೆಲ್ಲ ಒಂದು ಜಾಕಿ, ಎರಡು ಕಂಬದ ಮೇಲೆ. "ಇನ್ನೊಂದು ಸುತ್ತು... ಸಾಕು ಸಾಕು!" ಕೊಳೆತ ತೊಲೆ ಸಡಿಲವಾಗಿ ಈಚೆ ಬರುತ್ತದೆ. ಹೊರಗಿದ್ದ ಊರಿನ ಗಂಡಸರು ಒಳಬಂದು ಹೆಗಲು ಕೊಟ್ಟು ಹೊಸದನ್ನು ಏರಿಸುವವರೆಗೆ, ತಲೆಯ ಮೇಲೆ ತೊಲೆಯ ಆಧಾರವಿಲ್ಲದ ಆ ಜಾಗದಲ್ಲಿ, ಆಕೆ ಕದಲುವುದಿಲ್ಲ. ಈ ಧೈರ್ಯ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಉತ್ತರ ಅಲಿಯವರದು: "ಧೈರ್ಯ ಅಲ್ರೀ, ಹಟ. ಮನೇಲೂ ಹಿಂಗೇ."

ಜಂತೆಯ ಮೇಲೆ ಬಂದರಿಕೆ ಸೊಪ್ಪು, ಅದರ ಮೇಲೆ ಮಣ್ಣು, ಕೊನೆಗೆ ನೀರು ಹೀರದ ಕರಲು ಮಣ್ಣು ಹಾಸಿ ಬಡಿದು ಒಣಗಿಸಿದ್ದಾಗಿದೆ. ಇವತ್ತು ಗಿರಿಯಮ್ಮ ಬಸ್ಸಿಳಿದು ನೇರ ಬಂದಿದ್ದಾರೆ. ಅಂಗಳದಲ್ಲೇ ತೊಲೆಯ ಕಥೆ ಪೂರ್ತಿ ಕೇಳುತ್ತಾರೆ. ರಂಗಕ್ಕ ಏನನ್ನೂ ಮುಚ್ಚಿಡುವುದಿಲ್ಲ.

"ಬಿಚ್ಚಿದ ಮನೆದಾದ್ರೆ ಆಗ್ಲಿ. ಸೋರಿದ್ರೆ ಮಾತ್ರ ಆಗಾಕಿಲ್ಲ. ಬಿಂದಿಗೆ ಏರ್ಸಿ, ನೀರು ಸುರೀರಿ," ಎಂದು ಒಳಗೆ ಹೋಗಿ ಹೊಸ ತೊಲೆಯ ಕೆಳಗೆ ಕೂರುತ್ತಾರೆ.

ಬಷೀರುನ್ನೀಸಾ ಮೇಲಿನಿಂದ ಬಿಂದಿಗೆಯ ಮೇಲೆ ಬಿಂದಿಗೆ ಸುರಿಯುತ್ತಾರೆ. ಮಾಳಿಗೆಯಂಚಿನ ದೋಣಿಯಿಂದ ನೀರು ಬೀದಿಗೆ ಧುಮುಕುತ್ತದೆ. ಅಷ್ಟರಲ್ಲಿ ಗಿರಿಯಮ್ಮನ ಹೆಗಲ ಮೇಲೆ ಏನೋ ಉದುರುತ್ತದೆ. ರಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಗಿರಿಯಮ್ಮ ಅದನ್ನು ಬೆರಳಲ್ಲಿ ತೆಗೆದು ಉಜ್ಜಿ ನೋಡುತ್ತಾರೆ.

"ಒಣ ಮಣ್ಣು," ಎನ್ನುತ್ತಾರೆ. ಆಮೇಲೆ ನಿಧಾನಕ್ಕೆ: "ಸೋಮವಾರ ಬಂದು ಕರ್ಕಂಡು ಹೋಗು ಬೀಗತಿ. ಬರಿಗೈಲಿ ಬರಬ್ಯಾಡ ಮತ್ತೆ."

ರಂಗಕ್ಕ ಅಳುತ್ತಲೇ ನಗುತ್ತಾರೆ. ಏಣಿ ಇಳಿಯುತ್ತಿರುವ ಬಷೀರುನ್ನೀಸಾರ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ಮುಂದಿನ ವರ್ಷ ಮಳೆಗೆ ಮುಂಚೆ ಬಂದು ಒಂದ್ಸಲ ನೋಡ್ಕಂಡು ಹೋಗ್ರಿ ಬಷೀರಮ್ಮ."

"ವರ್ಷಕ್ಕೊಂದ್ಸಲ ಮೇಲೆ ಕರಲು ಮಣ್ಣು ನೀನೇ ಎಳ್ಕಾ, ಬರಾಕಿಲ್ಲ ನಾನು," ಎನ್ನುತ್ತಾರೆ ಬಷೀರುನ್ನೀಸಾ, ಕೈಯ ಮಣ್ಣು ಒರೆಸಿಕೊಳ್ಳುತ್ತ. "ಈ ಮಾಳಿಗೆಗೆ ನನ್ನ ಮತ್ತೆ ಕರೀಬಾರ್ದು. ತೊಟ್ಟಿಲಿಗೆ ಕರಿ, ಬರ್ತೀನಿ."