ಬಾಗಿಲನ್ನು ಪಕ್ಕಕ್ಕೆ ಸರಿಸಿದವಳು

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿದ್ದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ ಆರ್ಕಿಟೆಕ್ಚರ್ ಓದುತ್ತಿದ್ದಳು. ಯಾವ ಕಟ್ಟಡದ ನಕ್ಷೆ ಬರೆಯಬೇಕಾದರೂ ಮೊದಲು ಆ ಜಾಗದಲ್ಲಿ ಒಂದು ಗಂಟೆ ಸುಮ್ಮನೆ ಕೂತು ಬರುತ್ತಿದ್ದಳು. ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡು, "ನಮಗಿಂತ ಮೊದಲು ಅಲ್ಲಿ ಯಾರಿದ್ದಾರೆ ನೋಡ್ಬೇಕಲ್ವಾ ಆಂಟಿ?" ಅನ್ನುತ್ತಿದ್ದಳು.

ಕೊನೆಯ ವರ್ಷ ಅವಳು ನಮ್ಮ ಬೀದಿಯ ಏರಿನಲ್ಲಿದ್ದ ಖಾಲಿ ಜಾಗಕ್ಕೆ ಒಂದು ಲೈಬ್ರರಿ ವಿನ್ಯಾಸ ಮಾಡಬೇಕಿತ್ತು. ಅಲ್ಲೊಂದು ಮುರುಕು ಗೋಡೆ. ಬಸ್ಸಿಳಿದು ಏರು ಹತ್ತುವವರು ಅದರ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಗೋಡೆ ತೆಗೆದು ಬಾಗಿಲನ್ನು ಅಲ್ಲೇ ಇಡು, ಇಲ್ಲದಿದ್ದರೆ ಮಾರ್ಕ್ಸ್ ಹೋಗುತ್ತದೆ ಎಂದು ಅವಳ ಮೇಷ್ಟರು ಎಚ್ಚರಿಸಿದರು. ಅವಳು ಬಾಗಿಲನ್ನೇ ಪಕ್ಕಕ್ಕೆ ಸರಿಸಿದಳು. ಮಾರ್ಕ್ಸ್ ಹೋಯಿತು.

"ಒಂದು ಗೋಡೆಗೋಸ್ಕರ ಇಷ್ಟು ಹಟಾನೇನೇ?" ಎಂದು ಬೈದೆ.

"ಅಲ್ಲಿ ಯಾರೋ ಕೂರ್ತಾರೆ ಆಂಟಿ. ಏಳಿ ಅನ್ನೋಕಾಗುತ್ತಾ?" ಎಂದು ನಕ್ಕಳು.

ಆ ಚಳಿಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಕೋಣೆ ಖಾಲಿ ಮಾಡಲು ಧಾರವಾಡದಿಂದ ಬಂದ ಅವಳ ತಾಯಿ ಆ ಲೈಬ್ರರಿಯ ರಟ್ಟಿನ ಮಾಡೆಲ್ ಎತ್ತಿಕೊಂಡು ಕೇಳಿದರು:

"ಅಕ್ಕಾರ, ಗ್ವಾಡಿ ಮ್ಯಾಲ ಕುಂತಾರಲ್ಲ, ಇವರು ಯಾರು?"

ಬೆರಳುಗುರಿನಷ್ಟು ಪುಟ್ಟ ಕಾಗದದ ಹೆಂಗಸು. ಸೀರೆ, ಮೇಲೊಂದು ದೊಗಲೆ ಕೋಟು, ಎರಡೂ ಪಕ್ಕದಲ್ಲಿ ತರಕಾರಿ ಚೀಲ.

"ನಾನು," ಎಂದೆ.