ಇರ್ಲಿ, ಬಿಡ್ರಿ

ತೋರಣಗಲ್ಲು ಪಕ್ಕದ ವಡ್ಡು ಗ್ರಾಮದ ಹುಲಿಗೇಶ್ ವಿಮಾನ ಕಂಪನಿಯಲ್ಲಿ ಟ್ರೇನಿಂಗ್ ಕ್ಯಾಪ್ಟನ್ ಆದ ಸುದ್ದಿ ಊರಿಗೆ ಮುಟ್ಟಿದಾಗ ಅವನ ತಾಯಿ ಸುಂಕಮ್ಮ ಮೊದಲು ಗಾಬರಿಯಾದಳು. ಇಷ್ಟು ದಿನ ಪೈಲಟ್ ಆಗಿದ್ದವನು ಈಗ ಮೇಷ್ಟ್ರಾದ ಅಂದರೆ ಕೆಲಸದಲ್ಲಿ ಏನೋ ಎಡವಟ್ಟು ಮಾಡಿಕೊಂಡಿರಬೇಕು ಎಂದು ಅವಳ ಅಂದಾಜು. ಇದು ಬಡ್ತಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಹುಲಿಗೇಶನಿಗೆ ಸಾಕುಸಾಕಾಯಿತು.

ಬಡ್ತಿ ಪುಕ್ಕಟೆ ಸಿಕ್ಕಿರಲಿಲ್ಲ. ಬಲಗಡೆ ಸೀಟಿನಲ್ಲಿ ಕೋ-ಪೈಲಟ್ ಆಗಿ ಆರು ವರ್ಷ, ಎಡಗಡೆ ಸೀಟಿನಲ್ಲಿ ಕ್ಯಾಪ್ಟನ್ ಆಗಿ ಏಳು ವರ್ಷ. ಆಮೇಲೆ ಅರ್ಜಿ, ಹಳೆಯ ದಾಖಲೆಗಳ ಜಾಲಾಟ, ಕಲಿಸುವುದನ್ನು ಕಲಿಸುವ ತರಗತಿ, ಸಿಮ್ಯುಲೇಟರಿನಲ್ಲಿ ಬೆನ್ನ ಹಿಂದೆ ಒಬ್ಬ ಹಿರಿಯ ಕೂತು ಪ್ರತಿ ಮಾತನ್ನೂ ಬರೆದುಕೊಳ್ಳುವ ಪರೀಕ್ಷೆ. ಇನ್ನೂ ಮೇಲೇರಿದರೆ ಸಿಮ್ಯುಲೇಟರಿನ ಇನ್‌ಸ್ಟ್ರಕ್ಟರ್, ಅದರಾಚೆ ಪರೀಕ್ಷಕ. ಹಾರಿಸುವುದಕ್ಕಿಂತ ಕಷ್ಟದ್ದು, ಪಕ್ಕದವನು ತಪ್ಪಾಗಿ ಹಾರಿಸುವಾಗ ಕೈ ಕಟ್ಟಿ ಕೂರುವುದು. ಎಲ್ಲಿಯವರೆಗೆ ಕೂರಬೇಕು, ಎಲ್ಲಿ ಕಸಿದುಕೊಳ್ಳಬೇಕು ಎಂಬುದನ್ನು ಯಾವ ತರಗತಿಯೂ ಪೂರ್ತಿ ಹೇಳಿಕೊಡುವುದಿಲ್ಲ.

ಹುಲಿಗೇಶನಿಗೆ ಕಲಿಸಿದ ಕ್ಯಾಪ್ಟನ್ ತಪ್ಪಾದಾಗಲೆಲ್ಲ ಪೆನ್ನಿನಿಂದ ಇವನ ಮಂಡಿಗೆ ಕುಟ್ಟುತ್ತಿದ್ದ. ತಾನು ಹಾಗಾಗಬಾರದು ಎಂದು ಇವನಿಗೆ ಹಟ. ನಿನ್ನೆ ಮೊನ್ನೆ ಸೇರಿದವರನ್ನೂ ‘ರೀ’ ಹಚ್ಚಿಯೇ ಮಾತಾಡಿಸುತ್ತಿದ್ದ, ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ. ಒಳ್ಳೆಯತನ ಒಳ್ಳೆಯದೇ. ಅದೂ ಕೊರಳಿಗೆ ಸುತ್ತಿಕೊಳ್ಳಬಹುದು ಎಂದು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ.

ಈ ಬೇಸಿಗೆಯಲ್ಲಿ ಅವನ ಕೈಗೆ ಬಂದವನು ಕಂಪ್ಲಿಯ ಯಲ್ಲೇಶ್. ಇಪ್ಪತ್ತಾರು ವರ್ಷದ ಕೋ-ಪೈಲಟ್. ಕೈಯೇನೋ ಚೊಕ್ಕ, ಬಾಯಿ ಮಾತ್ರ ಬಿಚ್ಚುವುದಿಲ್ಲ. ಕ್ಯಾಪ್ಟನ್ ತಪ್ಪಿದರೆ ಎಚ್ಚರಿಸುವುದಿಲ್ಲ ಎಂದು ಹಿಂದಿನ ಇಬ್ಬರು ಟ್ರೇನರ್‌ಗಳು ಬರೆದಿದ್ದರು. ಮೂರನೆಯವನೂ ಅದನ್ನೇ ಬರೆದರೆ ಯಲ್ಲೇಶ್ ಮನೆಗೆ. ಬರೆಯದೆ ಪಾಸು ಮಾಡಿದರೆ, ಯಾವನೋ ಕ್ಯಾಪ್ಟನ್ ಕಣ್ತಪ್ಪಿದ ದಿನ ಇವನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾನೆ, ಹಿಂದೆ ಎಪ್ಪತ್ತು ಜನ ಇರುತ್ತಾರೆ. ಹೇಗಾದರೂ ಇವನ ಬಾಯಿ ಬಿಡಿಸಬೇಕಿತ್ತು.

ಎರಡನೇ ದಿನ, ವಿಮಾನ ಇನ್ನೂ ನೆಲದ ಮೇಲಿರುವಾಗ, ಹುಲಿಗೇಶ್ ಹಾರಬೇಕಾದ ಎತ್ತರದ ಅಂಕಿಯನ್ನು ಬೇಕೆಂದೇ ತಪ್ಪಾಗಿ ಕೂರಿಸಿದ. ಯಲ್ಲೇಶನ ಕಣ್ಣು ಅದರ ಮೇಲೆ ಹೋಯಿತು, ಕೆಳಗಿಳಿಯಿತು. ಕೇಳಿದರೆ, ಕಂಡಿತ್ತು ಎಂದ. ಸಾಹೇಬ್ರು ಇಟ್ಟಿದ್ದಕ್ಕೆ ಏನೋ ಕಾರಣ ಇದ್ದೀತು ಅಂದುಕೊಂಡನಂತೆ. ಹುಲಿಗೇಶ್ ಅಂಕಿಯನ್ನು ತಾನೇ ಸರಿಮಾಡಿದ.

ಅದಾಗಿ ನಾಲ್ಕನೇ ದಿನ ಹೈದರಾಬಾದಿನಿಂದ ತೋರಣಗಲ್ಲಿಗೆ ಮಧ್ಯಾಹ್ನದ ವಿಮಾನ. ಸಂಡೂರಿನ ಗುಡ್ಡಗಳ ಕಡೆಯಿಂದ ಬಿಸಿಗಾಳಿ ಬಿಟ್ಟುಬಿಟ್ಟು ನೂಕುತ್ತಿತ್ತು. ಇಳಿಸುತ್ತಿದ್ದವನು ಯಲ್ಲೇಶ್. ವಿಮಾನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಆಡಬೇಕಾದ ಮಾತು ಇಂತಿಷ್ಟೇ ಎಂದು ಗೊತ್ತುಮಾಡಿದೆ. ತೆಗೆದುಕೊಳ್ಳುವವನು ‘ಐ ಹ್ಯಾವ್ ಕಂಟ್ರೋಲ್’ ಅನ್ನಬೇಕು, ಕೊಡುವವನು ‘ಯು ಹ್ಯಾವ್ ಕಂಟ್ರೋಲ್’ ಅನ್ನಬೇಕು. ಮನೆಮಾತು ಯಾವುದೇ ಇರಲಿ, ಇಂಗ್ಲಿಷಿನಲ್ಲೇ ಅನ್ನಬೇಕು.

ಆರುನೂರು ಅಡಿ ಇದ್ದಾಗ ಗಾಳಿ ಒಂದು ಗುದ್ದು ಕೊಟ್ಟಿತು. ರೆಕ್ಕೆ ವಾಲಿತು, ಯಲ್ಲೇಶ್ ತಿದ್ದಿದ, ಮುಖ ಸಣ್ಣದು ಮಾಡಿಕೊಂಡು ಸಾರಿ ಎಂದ. ಎದುರಿಗೆ ಹುಟ್ಟೂರಿನ ನೆಲ, ಪಕ್ಕದಲ್ಲಿ ತನ್ನ ಸೀಮೆಯ ಹುಡುಗ. ಹುಲಿಗೇಶನ ಬಾಯಿಂದ ಮನೆಮಾತು ಜಾರಿತು.

“ಇರ್ಲಿ, ಬಿಡ್ರಿ.”

ಅವನು ಹೇಳಿದ್ದು ಚಿಂತೆ ಬಿಡು ಅಂತ. ಯಲ್ಲೇಶ್ ವಿಮಾನ ಬಿಟ್ಟ.

ಮೂಗು ಮೆಲ್ಲಗೆ ಬಾಗತೊಡಗಿತು. ಹುಡುಗ ತಾನೇ ತಿದ್ದಿಕೊಳ್ಳಲಿ, ಕಸಿದುಕೊಳ್ಳುವುದು ಬೇಡ ಎಂದು ಹುಲಿಗೇಶ್ ಕಾದ. ತನ್ನ ತಾಳ್ಮೆಯನ್ನು ತಾನೇ ಮೆಚ್ಚಿಕೊಂಡ ಕೂಡ. ಒಂದು, ಎರಡು, ಮೂರು, ನಾಲ್ಕು ಸೆಕೆಂಡ್. ರೆಕ್ಕೆ ಮತ್ತೆ ವಾಲಿದಾಗ ಪಕ್ಕಕ್ಕೆ ನೋಡಿದ. ಯಲ್ಲೇಶನ ಎರಡೂ ಕೈ ತೊಡೆಯ ಮೇಲಿದ್ದವು.

ಹುಲಿಗೇಶ್ ಹಿಡಿದೆಳೆದು, ಎಂಜಿನ್ನುಗಳಿಗೆ ಪೂರಾ ಬಲ ಕೊಟ್ಟು, ಮೇಲಕ್ಕೆ ಹತ್ತಿಸಿದ. ಒಂದು ಸುತ್ತು ಹಾಕಿ ತಾನೇ ಇಳಿಸಿದ. ತಡವಾಯಿತೆಂದು ಗೊಣಗುತ್ತಾ ಪ್ರಯಾಣಿಕರೆಲ್ಲ ಇಳಿದುಹೋದ ಮೇಲೆ ಯಲ್ಲೇಶನ ಕಡೆ ತಿರುಗಿದ.

“ನನ್ನ ಕೈ ಎಲ್ಲಿದ್ವು, ನೋಡಿದ್ರೇನು?” ಎಂದು ಕೇಳಿದ.

“ನೋಡಿದ್ನಿರಿ ಸರ. ನಿಮ್ಮ ತೊಡಿ ಮ್ಯಾಲ ಇದ್ವು,” ಎಂದ ಯಲ್ಲೇಶ್.

“ಹಂಗಾರ ವಿಮಾನ ಯಾರೂ ಹಿಡ್ದಿಲ್ಲಂತ ಗೊತ್ತಾತಿಲ್ಲ?”

“ಗೊತ್ತಾತ್ರಿ. ಆದ್ರ ನೀವಾ ಬಿಡ್ರಿ ಅಂದಿದ್ರಲ್ರಿ.”

ಸಂಜೆ ಹೊಸಪೇಟೆಯ ಹೋಟೆಲಿನಲ್ಲಿ ಹುಲಿಗೇಶ್ ಟ್ಯಾಬ್ ತೆರೆದು ವರದಿ ಬರೆಯಲು ಕೂತ. ಹೇಳದೆ ಕೇಳದೆ ಕೈಬಿಟ್ಟ ಎಂದು ಯಲ್ಲೇಶನ ಮೇಲೆ ಹಾಕಿದರೆ ತನ್ನ ಹುದ್ದೆಗೆ ಏನೂ ಆಗುವುದಿಲ್ಲ. ಹಾಗೆ ಬರೆದ, ನಾಚಿಕೆಯಾಗಿ ಅಳಿಸಿದ. ಆಡಬಾರದ ಮಾತು ಆಡಿದವನು ನಾನು, ತಪ್ಪು ನನ್ನದು ಎಂದು ಬರೆದ. ಗೊತ್ತಿದ್ದೂ ಯಲ್ಲೇಶ್ ಸುಮ್ಮನಿದ್ದ ಎಂಬುದನ್ನು ಬರೆಯಲು ಮನಸ್ಸು ಬರಲಿಲ್ಲ. ಯಲ್ಲೇಶನನ್ನು ಕರೆದು ಓದಲು ಕೊಟ್ಟ.

“ಏನಾರ ಬಿಟ್ಟೈತೇನು, ನೋಡ್ರಿ.”

ಯಲ್ಲೇಶ್ ಎರಡು ಸಲ ಓದಿದ. ಬಿಟ್ಟದ್ದೇನೆಂದು ಅವನಿಗೆ ಕಂಡಿತ್ತು, ಕಣ್ಣು ಅಲ್ಲೇ ನಿಂತಿತ್ತು. ಟ್ಯಾಬ್ ವಾಪಸು ಕೊಟ್ಟು, ಬಗ್ಗಿ ಹುಲಿಗೇಶನ ಪಾದ ಮುಟ್ಟಿದ.

“ನೀವು ಬರದ್ರ ಅದಾ ಸರಿ ಇರ್ತೈತ್ರಿ. ಸಾಯತನಕ ನಿಮ್ಮ ಮಾತು ಮೀರಂಗಿಲ್ರಿ ಸರ.”

ನಾಳೆ ಇನ್ನೊಬ್ಬ ಕ್ಯಾಪ್ಟನ್ನಿನ ಪಕ್ಕದಲ್ಲೂ ಇವನು ಹೀಗೇ ಕೂತಿರುತ್ತಾನೆ ಎಂದು ಹುಲಿಗೇಶನಿಗೆ ಹೊಳೆಯಿತು. ಟ್ಯಾಬ್ ಎಳೆದುಕೊಂಡು ಆ ಉಳಿದ ಸಾಲನ್ನು ಒಂದೊಂದೇ ಪದವಾಗಿ, ನಿಧಾನಕ್ಕೆ ಬರೆಯತೊಡಗಿದ. ಯಲ್ಲೇಶ್ ಪಕ್ಕದಲ್ಲೇ ನಿಂತು ಓದುತ್ತಿದ್ದ. ಅದನ್ನ ಬರೀಬ್ಯಾಡ್ರಿ ಎಂದು ಒಂದೇ ಒಂದು ಸಲ ಎದುರಾಡಿದ್ದರೂ ಹುಲಿಗೇಶ್ ಅಲ್ಲಿಗೇ ನಿಲ್ಲಿಸುತ್ತಿದ್ದ. ಸಾಲು ಮುಗಿದ ಮೇಲೂ ವರದಿ ಕಳಿಸುವ ಗುಂಡಿಯ ಮೇಲೆ ಬೆರಳು ಎತ್ತಿ ಹಿಡಿದು ಬಹಳ ಹೊತ್ತು ಕಾದ. ಯಲ್ಲೇಶ್ ಕೈಕಟ್ಟಿ ನಿಂತೇ ಇದ್ದ.